ಬೆಳಗಿನ ಎತ್ತರ

ಮನುಷ್ಯ ಬೆಳಗ್ಗೆ ತುಸು ಉದ್ದ ಇರುತ್ತಾನಂತೆ.
ರಾತ್ರಿಯೆಲ್ಲ ಮಲಗಿ ಬೆನ್ನುಮೂಳೆಯ ಸಂದುಗಳು
ನೆನೆಹಾಕಿದ ಹೆಸರುಕಾಳಿನ ಹಾಗೆ ಉಬ್ಬಿ,
ಸಂಜೆಗೆ, ಹೊತ್ತದ್ದರ ಭಾರಕ್ಕೆ,
ಮತ್ತೆ ಕುಗ್ಗುತ್ತವಂತೆ.

ಅದಕ್ಕೇ ಐದೂಮುಕ್ಕಾಲಿಗೆ ಮಂಡಿಪೇಟೆಯ ಓಣಿಯಲ್ಲಿ
ಪಿಸ್ಸೆ ಮಾಮನ ಅಂಗಡಿ ಮುಂದೆ ನಿಂತಿದ್ದೇನೆ.
ಮಂಡಕ್ಕಿ ಭಟ್ಟಿಗಳ ಕಡೆಯಿಂದ
ಕಾದ ಮರಳಿನ ವಾಸನೆ.
ಶಟರ್ ಅರ್ಧ ಎತ್ತಿ, ಬಾಯಲ್ಲಿ ಬ್ರಶ್ಶಿಟ್ಟುಕೊಂಡೇ
'ಇಷ್ಟೊತ್ತಿಗೆ ಯಾರ ಮದುವೆ ಐತೆ ಕೊಟ್ರೀ?' ಅಂದ.

ಮದುವೆ ಅಲ್ಲ ಮಾಮ. ವಿಮಾನ.
ಸಮುದ್ರದಾಚೆ, ಪೂರ್ವದ ಕಡೆಯ ಒಂದು ಕಂಪನಿ
ಹುಡುಗರನ್ನು ಆರಿಸಿ ತಾನೇ ಹಾರಲು ಕಲಿಸುತ್ತದೆ,
ಆಮೇಲೆ ಹತ್ತು ವರ್ಷ ಅವರಲ್ಲೇ ದುಡಿದು ತೀರಿಸಬೇಕು.
ಕಣ್ಣು ಸರಿ ಇರಬೇಕು. ಕಿವಿ ಸರಿ ಇರಬೇಕು.
ಗಣಿತದಲ್ಲಿ ಅರವತ್ತು ಇರಬೇಕು,
ನನಗೆ ತೊಂಬತ್ತೊಂದು.
ಎತ್ತರ ನೂರಾ ಐವತ್ತೆಂಟು ಸೆಂಟಿಮೀಟರ್.

'ವಿಮಾನಕ್ಕೂ ಅಳತೆ ತಗಂತಾರಾ?
ನಾವ್ ದರ್ಜಿಗಳು ಮಾತ್ರ ಅನ್ಕಂಡಿದ್ದೆ.'

ಒಂದನೇ ಕ್ಲಾಸಿನಿಂದ ನನ್ನ ಯೂನಿಫಾರ್ಮು ಹೊಲಿದವನು.
ಪ್ರತಿ ಜೂನಿನಲ್ಲೂ ಲಂಗದ ಅಂಚಿಗೆ ಮೂರಿಂಚು ಮಡಚಿ
'ಬೆಳೆಯೋ ಹುಡುಗಿ, ಬಿಚ್ಕಳಾಕೆ ಇರಲಿ' ಅನ್ನುತ್ತಿದ್ದ.
ಆ ಮಡಿಕೆಯನ್ನು ಅವ್ವ ಬಿಚ್ಚಿದ್ದು ಒಂದೇ ವರ್ಷ.
ಉಳಿದವು ಬಿಸಿಲು ಕಾಣದೆ, ಬಣ್ಣ ಮಾಸದೆ,
ಲಂಗದ ಸಮೇತ ತಂಗಿಗೆ ಹೋದವು.

ಅಪ್ಪನ ಕಾಲದಲ್ಲೂ ಅಳೆದಿದ್ದರು, ಬಸ್ ಡಿಪೋದಲ್ಲಿ.
ಸಾಲಲ್ಲಿದ್ದ ಒಬ್ಬ ಕೂದಲೊಳಗೆ
ಹುಣಸೆಹಣ್ಣಿನ ಉಂಡೆ ಮೆತ್ತಿಕೊಂಡು ಬಂದಿದ್ದನಂತೆ.
ಸಾಹೇಬರು ನೆತ್ತಿಗೆ ಪಟ್ಟಿ ಒತ್ತಿದರು,
ಹುಣಸೆ ಕೂತಿತು, ಇರುವೆ ಎದ್ದವು.
ಈ ಕತೆ ಹೇಳಿ ಅಪ್ಪ ಪ್ರತಿ ಸಲ ನಗುತ್ತಾನೆ.
ಅವನಿಗೆ ಕೆಲಸ ಸಿಕ್ಕಿತಾ ಎಂದರೆ
'ಸಿಕ್ತು, ಒಳ್ಳೇ ಡ್ರೈವರ್ ಅವನು'
ಅನ್ನುತ್ತಾನೆ, ಕಿಟಕಿಯ ಕಡೆ ನೋಡುತ್ತ.

ಜಗಳೂರಿನ ರೂಟಿನಲ್ಲಿ ಇಪ್ಪತ್ತಾರು ವರ್ಷ
ಬೆನ್ನ ಹಿಂದೆ ಒಂದು ದಿಂಬು ಇಟ್ಟುಕೊಂಡೇ
ಕ್ಲಚ್ಚಿಗೆ ಕಾಲು ಎಟುಕಿಸಿದ ನನ್ನಪ್ಪ.
ಒಂದು ನಾಯಿಗೂ ಪೆಟ್ಟಾಗಲಿಲ್ಲ.

ಹಿಮ್ಮಡಿ ಗೋಡೆಗೆ. ಗದ್ದ ನೇರ.
ತಲೆಯ ಮೇಲೆ ಮರದ ಸ್ಕೇಲು, ಗೋಡೆಗೆ ಚಾಕ್‌ಪೀಸಿನ ಗೆರೆ.
ನೂರಾ ಐವತ್ತಾರೂವರೆ.
'ತಡಿ, ಈ ಟೇಪು ಹಳೇದು, ಎಳೆದೆಳೆದು ಹಿಗ್ಗೈತೆ.
ಇದರ ಲೆಕ್ಕದಾಗೆ ಊರೇ ಗಿಡ್ಡ.'
ಹೊಸ ಟೇಪಿನ ಕವರು ಹಲ್ಲಿಂದ ಹರಿದ.
ನೂರಾ ಐವತ್ತೇಳು ಪಾಯಿಂಟ್ ಆರು.
'ಉಸಿರು ಎಳ್ಕಾ.'
ಪಾಯಿಂಟ್ ಎಂಟು.

'ಇದಕ್ಕೆ ಮಾರ್ಜಿನ್ ಬಿಡಂಗಿಲ್ವಾ?'
ಇಲ್ಲ ಮಾಮ.
ನಲವತ್ತು ವರ್ಷ ಬಟ್ಟೆಯನ್ನು ಮೈಗೆ ಹೊಂದಿಸಿದವನು
ಮೈಯನ್ನು ಕುರ್ಚಿಗೆ ಹೊಂದಿಸಲಾಗದೆ
ನೆಲದ ಮೇಲಿನ ಚಿಂದಿಗಳನ್ನೇ ನೋಡಿದ, ಸ್ವಲ್ಪ ಹೊತ್ತು.
ದುಡ್ಡು ಮುಟ್ಟಲಿಲ್ಲ.
'ಯೂನಿಫಾರ್ಮ್ ನಂಗೇ ಕೊಡಬೇಕು ಮತ್ತೆ.'
ಅದನ್ನ ಅವರೇ ಕೊಡ್ತಾರೆ ಮಾಮ.
'ಹಂಗಾರೆ ಆಲ್ಟ್ರೇಶನ್ನಿಗೆ ಬಾ.
ಅವರಿಗೇನು ಗೊತ್ತು, ನಿನ್ನ ಎಡಭುಜ ಇಳಿಜಾರು.'

ಮನೆಗೆ ಬಂದು ಮೆಟ್ಟಿಲ ಮೇಲೆ ಮೊಬೈಲು ತೆಗೆದೆ.
ಇವತ್ತೇ ಕೊನೇ ದಿನ.
ಎತ್ತರದ ಚೌಕದಲ್ಲಿ ಚುಕ್ಕಿ ಕೂರುವುದಿಲ್ಲ,
ಪೂರ್ಣ ಸಂಖ್ಯೆ ಮಾತ್ರ ಎಂದು ಕೆಂಪು ಅಕ್ಷರ ಗದರುತ್ತದೆ.
ಒಂದು ಒತ್ತಿದೆ. ಐದು ಒತ್ತಿದೆ.
ಏಳು, ಎಂಟು ಪಕ್ಕಪಕ್ಕದ ಮನೆ,
ನಡುವಿನ ಗೋಡೆಯ ಮೇಲೆ ನನ್ನ ಹೆಬ್ಬೆರಳು.
ಗೆದ್ದರೂ ಅಲ್ಲಿ ಇನ್ನೊಬ್ಬರು ಅಳೆಯುತ್ತಾರೆ,
ಬೇರೆ ಟೇಪಿನಲ್ಲಿ, ಬಹುಶಃ ಮಧ್ಯಾಹ್ನದ ಮೇಲೆ.

'ಎಷ್ಟು ಬಂತವ್ವಾ?' ಒಳಗಿನಿಂದ ಅಪ್ಪ.

ಗಂಟೆ ಏಳಾಯಿತು. ನೀರಿನ ಟ್ಯಾಂಕರು ಬಂತು,
ಎರಡು ಕೊಡ ಹೊರಬೇಕು.
ಕೂತಲ್ಲೇ ಕುಗ್ಗುತ್ತಿದ್ದೇನೆ.