ಬಾಯಿಯ ಪಕ್ಕದ ಕಿವಿ

ಸೆಗೆಡ್ ಪೇಟೆಯ ಔಷಧದಂಗಡಿಯವನು
ಡಬ್ಬಿಯನ್ನು ಕಾಗದದಲ್ಲಿ ಸುತ್ತುತ್ತ ಅಂದ:
"ಮೂರು ವಾರ ತಡೀರಿ. ಅಲ್ಲೀತನಕ ಏನೂ ಆಗದು."
ನನ್ನಕ್ಕ ಬೋರ್ಬಾಲಾ ತಲೆಯಾಡಿಸಿದಳು.
ಏನೂ ಆಗದಿರುವುದು ಅವಳಿಗೆ ರೂಢಿಯಾಗಿತ್ತು.

ಯಾಕೆ ಮೂರು ವಾರ, ನನಗೆ ಗೊತ್ತಿತ್ತು.
ಇಲಿಯ ಮಿದುಳನ್ನು ಈರುಳ್ಳಿ ಪೊರೆಯಂತೆ ಕೊಯ್ದು
ಗುಳುಗುಳು ಗಾಳಿಯಾಡುವ ಉಪ್ಪುನೀರಿನಲ್ಲಿ
ಸಂಜೆಯವರೆಗೆ ಬದುಕಿಸಿಡುವುದು
ಹನ್ನೊಂದು ವರ್ಷದಿಂದ ನನ್ನ ಕೆಲಸ.

ಈ ನರಕೋಶ ಆ ನರಕೋಶವನ್ನು ಮುಟ್ಟುವುದಿಲ್ಲ.
ನಡುವೆ ಕೂದಲೂ ತೂರದ ಸಂದು.
ಈ ದಡ ಸೆರೊಟೋನಿನ್ ಚೆಲ್ಲುತ್ತದೆ,
ಆ ದಡದಲ್ಲಿ ಗ್ರಾಹಕಗಳು ಬೊಗಸೆಯೊಡ್ಡಿ ನಿಂತಿರುತ್ತವೆ.
ಬೀಗ, ಬೀಗದಕೈ ಎನ್ನುತ್ತದೆ ಪಠ್ಯಪುಸ್ತಕ.
ಅದು ಅರ್ಧ ಮಾತು.
ಚೆಲ್ಲುವ ಕೋಶಕ್ಕೂ ತನ್ನ ಮೈಮೇಲೆ ಗ್ರಾಹಕಗಳುಂಟು,
ಬಾಯಿಯ ಪಕ್ಕದಲ್ಲೇ ಕಿವಿ.
ತಾನಾಡಿದ್ದನ್ನು ತಾನೇ ಕೇಳಿ
ಸಾಕು, ಇಷ್ಟು ಸಾಕು ಎನ್ನುವ ಕಿವಿ,
ನಮ್ಮ ಸೋದರಮಾವ ಲೋರಾಂಡನಿಗೆ ಇಲ್ಲದಂಥದ್ದು.
ಹಿತ್ತಾಳೆ ಕಿವಿಯಲ್ಲ. ಪಿಸುಮಾತಿಗೂ ಲೆಕ್ಕವಿಡುತ್ತದೆ.

ಮಾತ್ರೆ ಮಾಡುವುದಿಷ್ಟೆ:
ಚೆಲ್ಲಿದ್ದನ್ನು ಬೇಗ ಬಳಿದೊಯ್ಯದಂತೆ ತಡೆಯುವುದು.
ಸಂದಿನಲ್ಲಿ ನೀರೇರುತ್ತದೆ.
ಆಗ ಆ ಕಿವಿ ಬೆಚ್ಚುತ್ತದೆ:
ಇಷ್ಟೊಂದು ಮಾತಾಡಿದೆನೇ ನಾನು?
ಕೋಶ ಬಾಯಿ ಕಟ್ಟಿಕೊಳ್ಳುತ್ತದೆ.
ಮದ್ದು ತಗೊಂಡ ಮೊದಲ ದಿನಗಳಲ್ಲಿ
ಮೌನವೇ ಹೆಚ್ಚು.

ಇದನ್ನೆಲ್ಲ ಅಕ್ಕನಿಗೆ ಹೇಳಲಿಲ್ಲ.
ಟಿಸಾ ನದಿಯ ದಂಡೆಯಲ್ಲಿ ದಿನಾ ಸಂಜೆ ನಡೆದೆವು.
ಹತ್ತನೆಯ ದಿನ ಅವಳು ಕೋಟಿನ ಗುಂಡಿ ಹಾಕಿಕೊಳ್ಳಲಿಲ್ಲ.
ಹದಿನಾಲ್ಕನೆಯ ದಿನ ಡಬ್ಬಿ ಕಸದ ಬುಟ್ಟಿಯಲ್ಲಿತ್ತು.
ಎತ್ತಿದೆ, ಒರೆಸಿದೆ, ಇದ್ದಲ್ಲಿ ಇಟ್ಟೆ.
ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ.
ನನ್ನ ಬಾಯಿಯ ಪಕ್ಕದಲ್ಲೂ ಒಂದು ಕಿವಿಯಿದೆ.

ಬೇಡ ಬೇಡವೆಂದು ಅದಾದರೂ ಎಷ್ಟು ದಿನ ತಡೆದೀತು?
ದಣಿಯುತ್ತದೆ. ಒಂದೊಂದೇ ಗ್ರಾಹಕ
ಹೊಸ್ತಿಲು ಬಿಟ್ಟು ಒಳಮನೆಗೆ ಸರಿಯುತ್ತದೆ,
ಕೆಲವು ಇದ್ದಲ್ಲೇ ಮಂಕಾಗುತ್ತವೆ.
ತಡೆಯುವವರಿಲ್ಲದ ಕೋಶ
ಮೆಲ್ಲಗೆ ಮತ್ತೆ ಬಾಯಿ ಬಿಡುತ್ತದೆ.
ನಾನು ಕಂಡದ್ದು ಇಲಿಯಲ್ಲಿ.
ಅಕ್ಕನೊಳಗೂ ಹೀಗೇ ಎಂದು ಆಣೆಯಿಟ್ಟು ಹೇಳಲಾರೆ.

ಇಪ್ಪತ್ತಮೂರನೆಯ ದಿನ, ಭಾನುವಾರ.
ಮೀನಿನ ಸಾರು, ಕೆಂಪು ಪಾಪ್ರಿಕಾ, ಎರಡು ತಟ್ಟೆ.
ಚಮಚ ಬಾಯಿಗಿಟ್ಟವಳೇ ಅಕ್ಕ ಮುಖ ಕಿವುಚಿದಳು:
"ಎತೆಲ್ಕಾ, ಉಪ್ಪು ಹಾಕಿದ್ದೀಯೋ ಇಲ್ಲವೋ?"

ಹಾಕಿರಲಿಲ್ಲ.
ಮೊದಲ ಭಾನುವಾರದಿಂದಲೂ ಹಾಕಿರಲಿಲ್ಲ,
ಸಪ್ಪೆಯನ್ನೇ ಅವಳೊಡನೆ ಉಂಡು ಕಾದಿದ್ದೆ.
ಉಪ್ಪು ತರಲೆಂದು ಎದ್ದವಳು
ಕಪಾಟಿನ ಬಾಗಿಲ ಹಿಂದೆ
ಸ್ವಲ್ಪ ಹೊತ್ತು ನಿಂತೆ.