ಟಕ್

ಅವ್ವನ ಗ್ಯಾಸ್ ಲೈಟರು ಕಳೆದದ್ದು ಬುಧವಾರ.
ಗುರುವಾರ ಇಡೀ ಓಣಿಗೆ ಕೇಳುವಂತೆ
ಬೆಕ್ಕನ್ನು ಬೈದಳು.
ಬೆಕ್ಕಿಗೇಕೆ ಲೈಟರು ಎಂದು ಯಾರೂ ಕೇಳಲಿಲ್ಲ.

ಅದು ನನ್ನ ಕಂಪಾಸ್ ಬಾಕ್ಸಿನಲ್ಲಿತ್ತು
ಹೊಟ್ಟೆ ಬಿಚ್ಚಿಕೊಂಡು.
ಒಳಗೊಂದು ಸ್ಪ್ರಿಂಗು, ಒಂದು ಪುಟಾಣಿ ಸುತ್ತಿಗೆ,
ಅದರ ಪೆಟ್ಟು ತಿನ್ನಲೆಂದೇ ಹುಟ್ಟಿದ ಹರಳು,
ಕಡಲೆಬೇಳೆಯಷ್ಟು.
ಬ್ಯಾಟರಿ ಇಲ್ಲ, ಎಣ್ಣೆ ಇಲ್ಲ,
ಹೊಡೆದರೆ ಬೆಳಕು ಕೊಡುತ್ತದೆ, ಅಷ್ಟೆ.
“ಗಣಿತದ ಮೇಷ್ಟ್ರು ಹೊಡೆದಾಗ ನಂಗೂ
ಹಿಂಗೇ ಕಾಣ್ತದೆ” ಅಂದ ದಾದಾಪೀರ.

ಪೈಪು ಅವನದು.
ಅವರ ಮಂಡಕ್ಕಿ ಭಟ್ಟಿಯ ಹಿಂದೆ
ಬೋರು ಬತ್ತಿದ ದಿನದಿಂದ ಬಿದ್ದುಕೊಂಡದ್ದು.
ಆಲೂಗಡ್ಡೆ ನನ್ನದು.
ದೋಸೆ ಗಾಡಿಯ ಪಲ್ಯಕ್ಕೆಂದು ಅವ್ವ ತಂದ ಚೀಲದಿಂದ
ದಿನಕ್ಕೊಂದು, ಲೆಕ್ಕಕ್ಕೆ ಸಿಗದಂತೆ.
ಹಾರಿಸಬೇಕಿದ್ದದ್ದು ಮಿಲ್ಲಿನ ಕಾಂಪೌಂಡಿನಾಚೆ.
ಬಾಗಿಲು ಹಾಕಿದ ಮಿಲ್ಲು. ಚಿಮಣಿ ಮಾತ್ರ ನಿಂತಿದೆ,
ಏನೋ ಹೇಳಲು ಎದ್ದು
ಮಾತು ಮರೆತವರ ಹಾಗೆ.

ಕಿಡಿ ಮಾತ್ರ ಬರಲೊಲ್ಲದು.
ಎರಡು ಮೊಳೆ, ನಡುವೆ ಗಾಳಿ.
ತೀರ ಹತ್ತಿರ ತಂದರೆ
ಬಸ್ಸಿನ ಒಂದೇ ಸೀಟಿಗೆ ಸಿಕ್ಕ ವಾರಗಿತ್ತಿಯರಂತೆ
ತಾಕಿಯೂ ಮಾತಿಲ್ಲ.
ದೂರ ಸರಿಸಿದರೆ ಗುರುತೇ ಇಲ್ಲ.
ಟಕ್. ಟಕ್. ಟಕ್.
ತಾರಸಿ ತುಂಬ ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿ,
ದಾವಣಗೆರೆಯ ಸಂಜೆ ಬಿಸಿಲು,
ಸೀನುತ್ತ ನಾವಿಬ್ಬರು.

ಅಪ್ಪ ಮೇಲೆ ಬಂದದ್ದು ಆಗ.

ಅಪ್ಪನ ವಿಷಯ ಹೇಳಬೇಕು.
ಇಪ್ಪತ್ತಾರು ವರ್ಷ ಅವನ ನೌಕರಿ
ಕಿಡಿ ಹಾರದಂತೆ ಕಾಯುವುದು.
ಅರಳೆ ಗಾಳಿಯಾಗಿ ತೇಲುವ ಕೋಣೆಯಲ್ಲಿ
ಒಂದು ಕಲ್ಲಿನ ಚೂರು, ಒಂದು ಸಡಿಲ ವೈರು,
ಯಾವನದೋ ಚಪ್ಪಲಿಯ ಮೊಳೆ, ಸಾಕು.
ಕೆಂಪು ಬಕೀಟಿಗೆ ಮರಳು ತುಂಬಿದವನು,
ಗೇಟಿನಲ್ಲಿ ಮ್ಯಾನೇಜರನ ಕಿಸೆಗೂ ಕೈಹಾಕಿ
ಬೆಂಕಿಪೊಟ್ಟಣ ತೆಗೆಸಿದವನು,
ದೀಪಾವಳಿಗೆ ನಮಗೆ ಸುರುಸುರುಬತ್ತಿಯನ್ನೂ ಕೊಡಿಸದವನು.
ಕಿಡಿಗೇಡಿ ಎಂಬುದು ಅವನ ಬಾಯಲ್ಲಿ
ಬೈಗುಳಗಳಲ್ಲೆಲ್ಲ ದೊಡ್ಡದು.

ದಾದಾಪೀರ ಪೈಪಿನ ಹಿಂದೆ ಅಡಗಿದ.
ಪೈಪು ತೆಳ್ಳಗಿತ್ತು, ಅವನಲ್ಲ.

ಅಪ್ಪ ಕುಕ್ಕರಗಾಲಲ್ಲಿ ಕೂತ. ಮಂಡಿ ಲಟಕ್ಕೆಂದಿತು.
ಮೊಳೆಗಳನ್ನು ನೋಡಿದ, ನನ್ನನ್ನಲ್ಲ.
“ತುದಿ ಮೊಂಡಾಗ್ಯಾವೆ.”
ಪ್ಯಾರಾಪೆಟ್ಟಿನ ಸಿಮೆಂಟಿಗೆ ಉಜ್ಜಿ ಉಜ್ಜಿ ಚೂಪು ಮಾಡಿದ.
ಆಮೇಲೆ ಅಂಗಿ ಜೇಬಿನಿಂದ
ಮಿಲ್ಲಿನ ಗುರುತಿನ ಚೀಟಿ ತೆಗೆದ.
ಮಿಲ್ಲಿಲ್ಲದಿದ್ದರೂ ಅದು ಜೇಬಿನಲ್ಲೇ ಇರುತ್ತದೆ.
ಎರಡು ಮಡಿಕೆ ಮಡಚಿ
ಮೊಳೆಗಳ ನಡುವೆ ತೂರಿಸಿ ಅಳೆದ.
“ಇಷ್ಟೇ ಸಂದು. ಹೆಚ್ಚಾದ್ರೂ ಬರಂಗಿಲ್ಲ,
ಕಮ್ಮಿಯಾದ್ರೂ ಬರಂಗಿಲ್ಲ.
ನಾವು ಇದನ್ನೇ ತಪ್ಪಿಸ್ತಿದ್ವಿ.”
ಚೀಟಿ ಎಳೆದುಕೊಂಡ.

ಟಕ್.
ನೀಲಿ.
ಎಮ್ಮೆಕರುವಿನ ರೆಪ್ಪೆಗೂದಲಿನಷ್ಟು.

ಆಲೂಗಡ್ಡೆ ಮಿಲ್ಲು ದಾಟಿತು ಅನ್ನಲು ಆಸೆ.
ಅದು ಪೈಪಿನ ಬಾಯಲ್ಲಿ ಒಮ್ಮೆ ಕೆಮ್ಮಿ
ಮೂರು ಮನೆಯಾಚೆ
ರುದ್ರಮುನಿಯವರ ಶೀಟಿನ ಮೇಲೆ ದಡಾರನೆ ಬಿತ್ತು.
“ಮಂಗ್ಯಾ ಬಂತ್ರೇ, ಹಪ್ಪಳ ತೆಗೀರಿ!”
ಅಪ್ಪ ನಕ್ಕ. ಬಾಯಿಗೆ ಟವೆಲ್ಲು ಒತ್ತಿಕೊಂಡು,
ಕಣ್ಣಲ್ಲಿ ನೀರು ಬರುವವರೆಗೆ.
ಆಮೇಲೆ ಪೈಪನ್ನು ಹೆಗಲಿಗೇರಿಸಿ
ತಾನೇ ಭಟ್ಟಿಯ ಹಿಂದಕ್ಕೆ ಒಯ್ದು ಗರಗಸ ಹಾಕಿ
ನಾಲ್ಕು ತುಂಡು ಮಾಡಿ ಬಂದ.
“ಮುಗೀತು” ಅಂದ. ಮುಗಿಯಿತು.

ನಡುರಾತ್ರಿ ನೀರಿಗೆಂದು ಎದ್ದರೆ
ಅಡಿಗೆಮನೆಯ ಕತ್ತಲಲ್ಲಿ ಅವನು.
ಸಿಲಿಂಡರು ಹೊರಗೆ ಹಿತ್ತಿಲಲ್ಲಿ, ಕಿಟಕಿ ತೆರೆದು,
ಪಕ್ಕದಲ್ಲಿ ಒಂದು ಚೆಂಬು ಮರಳು.
ಮುಂದೆ ಎರಡು ಮೊಳೆ.
ಟಕ್. ಅವನ ಮೂಗು, ಅರ್ಧ ಮೀಸೆ.
ಕತ್ತಲು.
ಟಕ್. ಮತ್ತೆ ಅದೇ ಮೂಗು,
ಯಾರೋ ಹುಡುಗನದು ಅನ್ನಿಸುವಂತೆ.

“ಬೆಕ್ಕೇನ್ರೀ ಅದು?” ಒಳಗಿಂದ ಅವ್ವ, ನಿದ್ದೆಗಣ್ಣಲ್ಲಿ.
“ಹ್ಞೂಂ” ಅಂದ ಅಪ್ಪ.