ಹಿಡಿ

ಹನ್ನೆರಡು ಯೂರೋ. ಕಬ್ಬಿಣದಂಗಡಿಯ ಬಕೆಟ್ಟಿನಲ್ಲಿ
ಕೈಗವಸುಗಳ ಪಕ್ಕ ನಲವತ್ತು ಚೂರಿ,
ಒಂದೇ ಅಚ್ಚಿನ ನಲವತ್ತು ಕೆಂಪು ಹಿಡಿ.
ಕೈಗೆ ಸಿಕ್ಕಿದ್ದನ್ನು ತಂದೆ.

ಆರಿಸಿ ತಂದೆನೆಂದು ಲೆಂಪಿಗೆ ಹೇಳಿದೆ.

ನೆಲಮಾಳಿಗೆಯಲ್ಲಿ, ಎಂಟು ಮನೆಯವರ ಸೈಕಲ್ಲು, ಸ್ಕೀ,
ಯಾರೂ ಕೇಳದ ತೊಟ್ಟಿಲೊಂದರ ನಡುವೆ
ನನ್ನದೊಂದು ವೈಸು, ಒಂದು ದೀಪ, ಮೊಳೆಗೆ ತೂಗಿದ ಅರಗಳು.
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಅಲಗಿಗೆ ಬಟ್ಟೆ ಸುತ್ತಿ ವೈಸಿನ ಬಾಯಿಗೆ ಕೊಟ್ಟು
ಕೆಂಪು ಪ್ಲಾಸ್ಟಿಕ್ಕನ್ನು ಉಳಿಯಿಂದ ಸೀಳಿದೆ.
ಕಡಲೆಕಾಯಿ ಸಿಪ್ಪೆಯಂತೆ ಎರಡಾಗಿ ಬಿತ್ತು.

ಒಳಗೆ ಅಲಗಿನ ಬಾಲ:
ಕಪ್ಪಗೆ, ಮೊಂಡಾಗಿ, ಕತ್ತರಿಸಿದ ಗೀರಿನ ಸಮೇತ.
ಯಾರೂ ನೋಡದ ಕಡೆ ಯಾರೂ ತೀಡಿಲ್ಲ.
ತಪ್ಪೆನ್ನಲಾರೆ. ಮೂವತ್ತೊಂದು ವರ್ಷ
ನದಿದಂಡೆಯ ಗಿರಣಿಯಲ್ಲಿ ಕಾಗದ ಕತ್ತರಿಸಿದವನು ನಾನು.
ಆಳುದ್ದದ ಅಲಗು ಬಿದ್ದೇಳುತ್ತಿತ್ತು,
ನಾನು ಒತ್ತುತ್ತಿದ್ದದ್ದು ಒಂದು ಹಸಿರು ಗುಂಡಿ.
ಮೊಂಡಾದದ್ದು ಪೆಟ್ಟಿಗೆಯಲ್ಲಿ ಹೋಗುತ್ತಿತ್ತು,
ಹರಿತವಾದದ್ದು ಪೆಟ್ಟಿಗೆಯಲ್ಲಿ ಬರುತ್ತಿತ್ತು.
ಸಾಣೆ ಹಿಡಿದವನ ಮುಖ ಕಂಡಿದ್ದಿಲ್ಲ.
ಅಷ್ಟು ಕತ್ತರಿಸಿಯೂ
ಅಲಗೊಂದರ ತೂಕ ಅಂಗೈಗೆ ಗೊತ್ತಿರಲಿಲ್ಲ.

ಬರ್ಚ್ ಮರದ ಗಂಟು. ಹಿಂದಿನ ಚಳಿಗಾಲ
ಸೌದೆಗೆಂದು ಸೀಳಹೋದಾಗ ಕೊಡಲಿಗೆ ಬಗ್ಗದೆ ಉಳಿದದ್ದು.
ಉರುವಲಿಗೆ ಒಲ್ಲದ್ದು ಹಿಡಿಗೆ ಒಳ್ಳೆಯದು.
ತೂತು ಕೊರೆದೆ, ಓರೆಯಾಯಿತು.
ಇನ್ನೊಂದು ತುಂಡು, ಅದೂ ಓರೆ.
ಮೂರನೆಯದರಲ್ಲಿ ಓರೆಗೆ ತಕ್ಕಂತೆ ಬಾಲವನ್ನೇ ಅರದಿಂದ ತಿದ್ದಿದೆ.

ಆಮೇಲೆ ಆಸೆ. ಬೆನ್ನಿನ ಅಂಚನ್ನು ಚೌಕ ಮಾಡಿದರೆ
ಕಿಡಿಕಡ್ಡಿಗೆ ಉಜ್ಜಿ ಬೆಂಕಿ ಹಾರಿಸಬಹುದು.
ಸಾಣೆಚಕ್ರದ ಮೇಲೆ ಅರೆಗಳಿಗೆ ಹೆಚ್ಚು ನಿಂತಿತು.
ತುದಿಗೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಜೇನು,
ಆಮೇಲೆ ಇಲ್ಲಿ ಮಧ್ಯಾಹ್ನ ಮೂರಕ್ಕೇ ಇಳಿಯುವ ಆ ನೀಲಿ.
ಚೆಂದವಾಗಿತ್ತು. ಚೆಂದವೆಂದರೆ ಹದ ಹೋಯಿತೆಂದೇ ಅರ್ಥ.
ಹಿಟ್ಟಿನ ಹದ ತಪ್ಪಿದರೆ ರೊಟ್ಟಿ ಗಟ್ಟಿ,
ಮಾತಿನ ಹದ ತಪ್ಪಿದರೆ ಮೂರು ದಿನ ಮೌನ,
ಉಕ್ಕಿನದು ತಪ್ಪಿದರೆ ಅಷ್ಟು ಉಕ್ಕು ಇಲ್ಲವೆಂದೇ ಲೆಕ್ಕ.
ನೀರಿಗೆ ಅದ್ದುತ್ತ, ಬೈದುಕೊಳ್ಳುತ್ತ
ಕಿರುಬೆರಳಿನ ಉಗುರಷ್ಟು ತೇಯ್ದು ತೆಗೆದೆ.
ಮೊನೆ ದುಂಡಗಾಯಿತು.

ಚಳಿಯಲ್ಲಿ ಅಂಟು ಕಚ್ಚುವುದಿಲ್ಲ.
ಕ್ಲಾಂಪಿನ ಸಮೇತ ಮೇಲೆ ತಂದು
ಸೌನಾದ ಕೆಳಜಗಲಿಯಲ್ಲಿ ಟವೆಲು ಹಾಸಿ ಕೂರಿಸಿದೆ.
"ಇವತ್ತು ಶನಿವಾರ. ನಾನೆಲ್ಲಿ ಮೀಯಲಿ?" ಎಂದಳು ಲೆಂಪಿ.
"ಅದಕ್ಕೆ ಹಬೆ ಬೇಡ. ಬೆಚ್ಚಗಿದ್ದರೆ ಸಾಕು."
"ನನಗೂ ಅಷ್ಟೇ ಸಾಕಿತ್ತು, ತೌನೋ," ಎಂದು ಬಾಗಿಲೆಳೆದುಕೊಂಡಳು.

ಉಪ್ಪುಕಾಗದ, ಒರಟಿನದು, ನಯದ್ದು, ಇನ್ನೂ ನಯದ್ದು.
ಅಗಸೆ ಎಣ್ಣೆ ಕುಡಿದು
ಮರದ ಸುಳಿಗಳು ಒಂದೊಂದಾಗಿ ಎದ್ದವು.
ಸ್ಕೀ ಒಯ್ಯಲು ಇಳಿದುಬಂದ ಮೂರನೇ ಮಹಡಿಯ ಸೈಮಿ,
ಒಂಬತ್ತು ವರ್ಷ, ಹೋಗಲಿಲ್ಲ.
"ಹಿಡಿ," ಎಂದೆ.
ಹಿಡಿದಳು. ಎಡಗೈಯಲ್ಲಿ.
ನನ್ನ ಬಲ ಅಂಗೈಗೆಂದು ತಿಂಗಳಿಡೀ ಉಳಿಸಿದ್ದ ಉಬ್ಬು
ಅವಳ ಬೆರಳ ಸಂದಿಗೆ ಕಲ್ಲಿನಂತೆ ಸಿಕ್ಕಿತು.

ಮತ್ತೆ ಅರ. ಎರಡು ಸಂಜೆ.
ತೆಗೆದೆ, ಕೊಟ್ಟೆ, ಇಸಿದುಕೊಂಡೆ, ತೆಗೆದೆ,
ಹಿಡಿ ಅವಳ ಹಿಡಿಯಷ್ಟಾಗುವವರೆಗೆ.
ಅಂಗಡಿಯ ಒರೆ ಬಲಗೈಯವರದು;
ಹಳೆಯ ಬೂಟಿನ ಕತ್ತು ಕತ್ತರಿಸಿ
ಎಡಸೊಂಟದ್ದೊಂದು ಹೊಲಿದೆ.
ಅವಳ ತಾಯಿ ದುಂಡು ಮೊನೆಯನ್ನು ಹೆಬ್ಬೆರಳಲ್ಲಿ ಮುಟ್ಟಿ
"ಬೇಕೆಂದೇ ಹೀಗೆ ಮಾಡಿದಿರಾ?" ಎಂದಳು.
ಹೌದು ಎಂದೆ.

ಚೂರಿ ಬಿಟ್ಟಿ ಕೊಟ್ಟರೆ ನಂಟು ಕತ್ತರಿಸುತ್ತದೆ,
ನನ್ನ ಅಜ್ಜಿಯ ಮಾತು. ಐದು ಸೆಂಟಿಗೆ ಮಾರಿದೆ.
ನಷ್ಟ ಹನ್ನೊಂದು ಯೂರೋ ತೊಂಬತ್ತೈದು ಸೆಂಟು.
ಸಂಜೆಗಳನ್ನು ಯಾವ ಕಡೆಗೆ ಬರೆಯುವುದೋ ತಿಳಿಯದು.
ನಾಣ್ಯ ಈಗ ಕಾಫಿ ಡಬ್ಬಿಯಲ್ಲಿದೆ,
ಕೆಂಪು ಪ್ಲಾಸ್ಟಿಕ್ಕಿನ ಜೊತೆ.

ಅಲಗಿನ ಬುಡದಲ್ಲಿ ಕಾರ್ಖಾನೆಯ ಮುದ್ರೆ ಹಾಗೇ ಇದೆ.
ಅಳಿಸಬಹುದಿತ್ತು, ಅರ ಕೈಯಲ್ಲೇ ಇತ್ತು.

ಅಂಗಳ ದಾಟುವಾಗ ಅವಳು ನಿಂತಳು,
ಕೈಗವಸು ಬಿಚ್ಚಿ ಹಿಮಕ್ಕೆಸೆದು
ಬಗ್ಗಿ ಏನನ್ನೋ ಕತ್ತರಿಸಿದಳು.
ಕಿಟಕಿಯ ಗಾಜು ಒರೆಸಿ ನೋಡಿದೆ.
ಏನೆಂದು ಕಾಣಲಿಲ್ಲ.